ಸಂಶೋಧನಾ ಪದವಿಗಳಲ್ಲಿ ವಿದೇಶಿ ಭಾಷೆಯ ಅರ್ಹತೆ

ಸಂಶೋಧನಾ ಪದವಿಗಳಲ್ಲಿ ವಿದೇಶಿ ಭಾಷೆಯ ಅರ್ಹತೆ ಎಂದರೆ, ಸ್ನಾತಕೋತ್ತರ ಅಥವಾ ಪಿಎಚ್.ಡಿ. ವಿದ್ಯಾರ್ಥಿಯು ಮಹಾಪ್ರಬಂಧವನ್ನು ಸಲ್ಲಿಸುವ ಮೊದಲು ತನ್ನ ವಿಷಯಕ್ಕೆ ಸಂಬಂಧಿಸಿದ ಒಂದು ಅಥವಾ ಎರಡು ಪರಭಾಷೆಗಳನ್ನು ಓದಿ ಅರ್ಥೈಸಬಲ್ಲನೆಂದು ತೋರಿಸಬೇಕಾದ ನಿಯಮ. ಮಾತನಾಡುವ ಅಥವಾ ಬರೆಯುವ ಸಾಮರ್ಥ್ಯವನ್ನು ಇದು ಸಾಮಾನ್ಯವಾಗಿ ಅಪೇಕ್ಷಿಸುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ನಿಯಮ ಹೆಚ್ಚು ಪ್ರಚಲಿತವಾಗಿದೆ. ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಿಎಚ್.ಡಿ. ನಿಯಮಾವಳಿಯು ಕನಿಷ್ಠ 12 ಕ್ರೆಡಿಟ್‌ಗಳ ಪೂರ್ವಾಧ್ಯಯನವನ್ನು ವಿಧಿಸುತ್ತದೆಯಾದರೂ ವಿದೇಶಿ ಭಾಷೆಯನ್ನು ಕಡ್ಡಾಯಗೊಳಿಸಿಲ್ಲ. ಆದರೆ ಕೆಲವು ವಿಷಯಗಳಲ್ಲಿ ನಿಯಮ ಇಲ್ಲದಿದ್ದರೂ ಅಗತ್ಯ ಇದ್ದೇ ಇದೆ. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಸೀಮೆಯ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಸಂಶೋಧನಾ ಪದವಿಯ ಮಾದರಿ ರೂಪುಗೊಂಡದ್ದು ಜರ್ಮನಿಯಲ್ಲಿ. 1876ರಲ್ಲಿ ಆರಂಭವಾದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ಆ ಮಾದರಿಯನ್ನೇ ಅನುಸರಿಸಿತು. ಆಗಿನ ವಿದ್ವತ್ ಬರಹದ ಬಹುಭಾಗ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿದ್ದುದರಿಂದ, ಅವೆರಡನ್ನೂ ಓದಲಾರದವನು ಸಂಶೋಧಕನಾಗಲಾರನೆಂಬ ಭಾವನೆ ಬೇರೂರಿತು. ಎರಡನೆಯ ಮಹಾಯುದ್ಧದ ನಂತರ ಇಂಗ್ಲಿಷ್ ವಿಜ್ಞಾನದ ಭಾಷೆಯಾಗಿ ಬೆಳೆದಂತೆ ವಿಜ್ಞಾನ ವಿಭಾಗಗಳು ಈ ನಿಯಮವನ್ನು ಸಡಿಲಿಸಿದವು. ಇತಿಹಾಸ, ಧರ್ಮಾಧ್ಯಯನ, ತೌಲನಿಕ ಸಾಹಿತ್ಯ, ಕಲಾ ಇತಿಹಾಸ ಮುಂತಾದ ವಿಭಾಗಗಳಲ್ಲಿ ಅದು ಉಳಿದುಕೊಂಡಿದೆ.

ಕರ್ನಾಟಕದ ವಿದ್ವತ್ತಿಗೂ ಜರ್ಮನ್ ಭಾಷೆಗೂ ನಿಕಟ ಸಂಬಂಧವಿದೆ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಮೂಲವನ್ನು ಪ್ರಕಟಿಸಿದ ಮೇಲೆ, ಹರ್ಮನ್ ಯಾಕೋಬಿ ಮೊದಲಾದವರು ಅದರ ಬಗೆಗೆ ಜರ್ಮನ್ ಭಾಷೆಯಲ್ಲಿಯೇ ಚರ್ಚೆ ನಡೆಸಿದರು; 1926ರಲ್ಲಿ ಜೆ. ಜೆ. ಮೈಯರ್ ಅವರ ಜರ್ಮನ್ ಅನುವಾದವು ಲೈಪ್‌ಜಿಗ್‌ನಲ್ಲಿ ಪ್ರಕಟವಾಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂಬ ವಾದವನ್ನು ಇ. ಹುಲ್ಷ್ ಅವರು 1904ರಲ್ಲಿ ಮಂಡಿಸಿದ್ದೂ ಜರ್ಮನ್ ಪತ್ರಿಕೆಯೊಂದರಲ್ಲಿ. ಮಂಜೇಶ್ವರದ ಗೋವಿಂದ ಪೈಗಳಂತಹ ಬಹುಭಾಷಾವಿದರು ಆ ವಿಷಯವನ್ನು ಕೈಗೆತ್ತಿಕೊಂಡುದರಿಂದ ಅದು ಕನ್ನಡಿಗರಿಗೆ ಪರಿಚಯವಾಯಿತು.

ಕೆಳದಿ ಇತಿಹಾಸ ಮತ್ತು ಪರಭಾಷಾ ಆಕರಗಳು

ಕೆಳದಿ, ಇಕ್ಕೇರಿ ಮತ್ತು ಬಿದನೂರುಗಳನ್ನು (ಇಂದಿನ ಹೊಸನಗರ ತಾಲ್ಲೂಕಿನ ನಗರ) ಅನುಕ್ರಮವಾಗಿ ರಾಜಧಾನಿ ಮಾಡಿಕೊಂಡು ಆಳಿದ ಕೆಳದಿ ನಾಯಕರ ಚರಿತ್ರೆಗೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಕನ್ನಡದಲ್ಲಿಯೂ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ ಸಂಸ್ಕೃತದಲ್ಲಿಯೂ ಲಭ್ಯವಿವೆ. ಇವು ಆಸ್ಥಾನದ ದೃಷ್ಟಿಯಿಂದ ರಚಿತವಾದ ಕೃತಿಗಳು. ಮೆಣಸಿನ ಬೆಲೆ, ಅಕ್ಕಿಯ ರಫ್ತು, ಬಂದರಿನ ಸುಂಕ, ಕೋಟೆಗಳ ಹಂಚಿಕೆ ಮುಂತಾದ ವಿವರಗಳಿಗೆ ಪೋರ್ಚುಗೀಸ್ ಮತ್ತು ಡಚ್ ದಾಖಲೆಗಳನ್ನು ನೋಡದೆ ಗತ್ಯಂತರವಿಲ್ಲ. ಶಿವಪ್ಪ ನಾಯಕನು ಪೋರ್ಚುಗೀಸರಿಂದ 1652ರಿಂದ 1654ರ ಅವಧಿಯಲ್ಲಿ ಕರಾವಳಿಯ ಕೋಟೆಗಳನ್ನು ವಶಪಡಿಸಿಕೊಂಡ ವೃತ್ತಾಂತವನ್ನು ಗೆದ್ದವರ ಕಾವ್ಯದಿಂದ ಮಾತ್ರ ತಿಳಿದರೆ ಅರ್ಧ ಮಾತ್ರ ತಿಳಿದಂತೆ.

ಪಣಜಿಯ ಗೋವಾ ಪುರಾಭಿಲೇಖಾಗಾರದಲ್ಲಿರುವ ‘ನೆರೆಯ ಅರಸರ ಪುಸ್ತಕಗಳು’ ಎಂಬರ್ಥದ ಸಂಪುಟಗಳಲ್ಲಿ ಗೋವೆಯ ವೈಸರಾಯಿಗಳು ಸುತ್ತಲಿನ ರಾಜರೊಡನೆ ನಡೆಸಿದ ಪತ್ರವ್ಯವಹಾರವಿದೆ. ಲಿಸ್ಬನ್‌ನ ದಾಖಲೆಗಾರಗಳಲ್ಲಿಯೂ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಿರುವ ಹೇಗ್ ನಗರದಲ್ಲಿಯೂ ಪೂರಕ ಸಾಮಗ್ರಿ ದೊರೆಯುತ್ತದೆ. ಬಿ. ಎಸ್. ಶಾಸ್ತ್ರಿ ಅವರ ಗೋವಾ–ಕೆನರಾ ಸಂಬಂಧಗಳ ಅಧ್ಯಯನವೂ, ಬಸರೂರಿನ ಅಕ್ಕಿ ವ್ಯಾಪಾರವನ್ನು ಕುರಿತ ಸಂಜಯ್ ಸುಬ್ರಹ್ಮಣ್ಯಂ ಅವರ 1984ರ ಲೇಖನವೂ ಪೋರ್ಚುಗೀಸ್ ಆಕರಗಳನ್ನು ನೇರವಾಗಿ ಓದಿದುದರ ಫಲ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ದಾರಿಯಲ್ಲಿ ದೇವಾಲಯದ ಜಗಲಿಯಲ್ಲಿ ಮಕ್ಕಳು ರಾಗವಾಗಿ ಹೇಳುತ್ತ ನೆಲದ ಮರಳಿನ ಮೇಲೆ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಆತ ವರ್ಣಿಸಿದ್ದಾನೆ. ಮಲೆನಾಡಿನ ಶಾಲೆಯ ಇಷ್ಟು ಸಮೀಪದ ಚಿತ್ರ ದೊರೆಯುವುದು ಇಟಾಲಿಯನ್ ಪತ್ರವೊಂದರಲ್ಲಿ ಎಂಬುದು ಗಮನಾರ್ಹ. ಇದರ ಇಂಗ್ಲಿಷ್ ಅನುವಾದವನ್ನು ಹಾಕ್ಲೂಟ್ ಸೊಸೈಟಿ 1892ರಲ್ಲಿ ಮರುಪ್ರಕಟಿಸಿದೆಯಾದರೂ, ಅದು ಹದಿನೇಳನೆಯ ಶತಮಾನದ ಅನುವಾದವಾದುದರಿಂದ ಮೂಲದೊಡನೆ ಹೋಲಿಸಿ ನೋಡುವುದು ಲೇಸು.

ಪರೀಕ್ಷೆ ಮತ್ತು ಸಿದ್ಧತೆ

ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ ಆತನ ವಿಷಯಕ್ಕೆ ಸೇರಿದ ಗದ್ಯಭಾಗವನ್ನು ಕೊಟ್ಟು, ನಿಗದಿತ ಅವಧಿಯಲ್ಲಿ ಇಂಗ್ಲಿಷಿಗೆ ಅನುವಾದಿಸಲು ಹೇಳಲಾಗುತ್ತದೆ. ಹಲವು ಕಡೆ ನಿಘಂಟನ್ನು ಬಳಸಬಹುದು. ಇದಕ್ಕೆ ಬದಲಾಗಿ ನಿರ್ದಿಷ್ಟ ಓದಿನ ತರಗತಿಯಲ್ಲಿ ತೇರ್ಗಡೆಯಾಗುವುದನ್ನೋ ಮಾನ್ಯ ಪ್ರಮಾಣಪತ್ರವನ್ನೋ ಒಪ್ಪುವ ವಿಭಾಗಗಳೂ ಇವೆ. ಪ್ರತಿ ವಿಭಾಗದ ನಿಯಮ ಬೇರೆಯಾದುದರಿಂದ ಪ್ರವೇಶಕ್ಕೆ ಮೊದಲೇ ವಿಚಾರಿಸಬೇಕು. ಇದನ್ನು ಕೊನೆಯ ವರ್ಷಕ್ಕೆ ಮುಂದೂಡಿದವರ ಪದವಿಯೇ ತಡವಾಗುವುದುಂಟು.

ಕನ್ನಡಿಗರಿಗೆ ಕೆಲವು ಅನುಕೂಲಗಳಿವೆ. ಜರ್ಮನ್‌ನ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಂಗ್ಲಿಷರಿಗೆ ತೊಡಕಾದರೂ ಕನ್ನಡದ ವಾಕ್ಯಕ್ರಮ ಬಲ್ಲವರಿಗೆ ಸಹಜ. ಪೋರ್ಚುಗೀಸಿನ ಮೇಜು, ಚಾವಿ, ಪಾದ್ರಿ, ಬಟಾಟೆಗಳು ಈಗಾಗಲೇ ನಮ್ಮ ಮನೆಯ ಮಾತುಗಳು. ಆದರೆ ಹಳೆಯ ಹಸ್ತಪ್ರತಿಯನ್ನು ಓದುವುದು ಬೇರೆಯೇ ವಿದ್ಯೆ: ಅಕ್ಷರಗಳು ಕೂಡಿಕೊಂಡಿರುತ್ತವೆ, ಪದಗಳು ಸಂಕ್ಷಿಪ್ತವಾಗಿರುತ್ತವೆ, ಹೊನ್ನಾವರವು ‘ಓನೋರ್’ ಎಂದೂ ಬಸರೂರು ‘ಬಾರ್ಸೆಲೋರ್’ ಎಂದೂ ಭಟ್ಕಳವು ‘ಬಾಟಿಕಲಾ’ ಎಂದೂ ಕಾಣಿಸಿಕೊಳ್ಳುತ್ತವೆ. ಸ್ಥಳನಾಮಗಳನ್ನು ಗುರುತಿಸುವುದರಲ್ಲಿ ಊರು ಬಲ್ಲ ವಿದ್ಯಾರ್ಥಿಗೆ ಲಿಸ್ಬನ್ನಿನ ಪಂಡಿತನಿಗಿಂತಲೂ ಹೆಚ್ಚಿನ ಅಧಿಕಾರವಿದೆ.

ಕಲಿಯುವ ಸೌಲಭ್ಯ ಮಾತ್ರ ನಗರಗಳಲ್ಲಿಯೇ ಕೇಂದ್ರೀಕೃತವಾಗಿದೆ. ಜರ್ಮನ್‌ಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್‌ಗೆ ಅಲ್ಲಿಯ ಅಲಿಯಾನ್ಸ್ ಫ್ರಾನ್ಸೇಸ್, ಪೋರ್ಚುಗೀಸ್‌ಗೆ ಗೋವಾ ವಿಶ್ವವಿದ್ಯಾಲಯದ ವಿಭಾಗ ಪ್ರಮುಖವಾದವು. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಂತಹ ಗ್ರಾಮದಿಂದ ಬಂದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವವರು ಇವುಗಳಿಗಾಗಿ ಊರು ಬಿಟ್ಟು ದೂರ ಹೋಗಬೇಕು. ಬಾಡಿಗೆ ಮತ್ತು ಶುಲ್ಕಗಳ ಹೊರೆಯೂ ಸೇರುತ್ತದೆ. ಕೆಳದಿಯ ಮಣ್ಣಿನಲ್ಲಿ ಬೆಳೆದವರಿಗಿಂತ ಹೊರಗಿನವರೇ ಕೆಳದಿಯ ಪೋರ್ಚುಗೀಸ್ ಆಕರಗಳನ್ನು ಸುಲಭವಾಗಿ ಮುಟ್ಟುವಂತಾಗಿರುವುದಕ್ಕೆ ಇದೂ ಒಂದು ಕಾರಣ.

ಕನ್ನಡವೇ ವಿದೇಶಿ ಭಾಷೆಯಾದಾಗ

ಇದೇ ನಿಯಮದಡಿ ದಕ್ಷಿಣ ಭಾರತವನ್ನು ಅಧ್ಯಯನ ಮಾಡುವ ಅಮೆರಿಕದ ವಿದ್ಯಾರ್ಥಿಗಳು ಕನ್ನಡವನ್ನು ಸಂಶೋಧನಾ ಭಾಷೆಯಾಗಿ ಆಯ್ದುಕೊಳ್ಳಬಹುದು. ಅಂಥವರಿಗಾಗಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯು ಮೈಸೂರಿನಲ್ಲಿ ಕನ್ನಡ ಶಿಕ್ಷಣ ನೀಡುತ್ತ ಬಂದಿದೆ. ಜರ್ಮನಿಯ ವೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದ ಭಾರತಶಾಸ್ತ್ರ ವಿಭಾಗದಲ್ಲಿಯೂ ಕನ್ನಡ ಬೋಧನೆ ನಡೆದಿದ್ದು, ಬಿ. ಎ. ವಿವೇಕ ರೈ ಅವರು ಅಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಕನ್ನಡವೇ ತಾಯಿನುಡಿಯಾದ ವಿದ್ಯಾರ್ಥಿಗೆ ಅದನ್ನು ಈ ಅರ್ಹತೆಯಾಗಿ ಪರಿಗಣಿಸಬಹುದೇ ಎಂಬುದು, ಪ್ರಬಂಧಕ್ಕೆ ಕನ್ನಡದ ಆಕರಗಳು ಅಗತ್ಯವೇ ಎಂಬುದನ್ನು ಅವಲಂಬಿಸಿ ಆಯಾ ವಿಭಾಗದ ತೀರ್ಮಾನಕ್ಕೆ ಬಿಟ್ಟ ವಿಷಯ.