ಎರಡು ಬಾರಿ ಒಕ್ಕಲೆದ್ದವರು



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋದವರು ಕೇದಾರೇಶ್ವರನ ದರ್ಶನ ಪಡೆದು ಮರಳುತ್ತಾರೆ. ಆ ಸನ್ನಿಧಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನವನ್ನು ನೆನೆಯುವವರು ವಿರಳ. ಅಲ್ಲಿಯ ಕಾಳಾಮುಖ ಯತಿಗಳು ಶಾಸ್ತ್ರಗಳನ್ನು ಬೋಧಿಸುತ್ತಿದ್ದುದಲ್ಲದೆ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಸಕಲ ಜೀವಿಗಳಿಗೆ ಅಭಯವನ್ನೂ ನೀಡುತ್ತಿದ್ದರೆಂದು ಅದು ಸಾರುತ್ತದೆ. ಈ ಮೂರರಲ್ಲಿ ಅಭಯವೇ ಕಠಿಣವಾದ ದಾನ.

ಎಂಟು ಶತಮಾನಗಳ ತರುವಾಯ ಇದೇ ಸೀಮೆಗೆ ಅಭಯವನ್ನರಸಿ ಜನ ಬಂದರು. ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಲಾಯಿತು; 1948ರಲ್ಲಿ ವಿದ್ಯುತ್ತು ಹರಿಯಿತು. ಮನೆ, ತೋಟ ಕಳೆದುಕೊಂಡವರು ಕಣಿವೆಯಲ್ಲಿಯೇ ಮೇಲೆ ಸರಿದು ಮತ್ತೆ ಒಲೆ ಹೂಡಿದರು. 1964ರಲ್ಲಿ ಲಿಂಗನಮಕ್ಕಿಯ ನೀರು ಆ ಹಳೆಯ ಅಣೆಕಟ್ಟನ್ನೇ ನುಂಗಿತು. ಮೊದಲೊಮ್ಮೆ ಎದ್ದಿದ್ದ ಕೆಲವು ಕುಟುಂಬಗಳು ಪುನಃ ಏಳಬೇಕಾಯಿತು. ಸೊರಬ, ಶಿಕಾರಿಪುರ ಮೊದಲಾದ ತಾಲ್ಲೂಕುಗಳ ಕಾಡಂಚಿನಲ್ಲಿ ಮುಳುಗಡೆಯ ಸಂತ್ರಸ್ತರು ನೆಲೆಗೊಂಡರು.

ಅದೇ 1948ರಲ್ಲಿ ಪ್ಯಾಲೆಸ್ಟೈನಿನಿಂದ ಸಿರಿಯಾ ಸೇರಿದ ಜನರ ಮಕ್ಕಳು ಮೊಮ್ಮಕ್ಕಳು 2011ರ ನಂತರದ ಯುದ್ಧದಲ್ಲಿ ಮತ್ತೆ ಲೆಬನಾನಿಗೆ ಓಡಿದರು. ಯುದ್ಧದ ಬೆಂಕಿಯೂ ಅಣೆಕಟ್ಟಿನ ನೀರೂ ಒಂದೇ ಎನ್ನಲಾಗದು. ಆದರೆ ಎರಡು ಸಲ ಎದ್ದವನ ಸಂಕಟ ಎಲ್ಲೆಡೆಯೂ ಒಂದೇ: ಹಳೆಯ ಊರಿನ ಕಾಗದ ಕೆಲಸಕ್ಕೆ ಬಾರದು, ಹೊಸ ಊರಿನ ಕಾಗದ ಕೈಗೆ ಬಾರದು.

ನಮ್ಮಲ್ಲಿ ಆದುದೂ ಇದೇ. ಸಂತ್ರಸ್ತರಿಗೆ ಕೊಟ್ಟ ಎಷ್ಟೋ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಅದನ್ನು ಅರಣ್ಯದಿಂದ ಬಿಡಿಸಲು ರಾಜ್ಯ ಸರ್ಕಾರ ಹೊರಡಿಸಿದ ಆದೇಶಗಳನ್ನು, 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರದ ಒಪ್ಪಿಗೆಯಿಲ್ಲವೆಂದು 2021ರಲ್ಲಿ ಹೈಕೋರ್ಟು ರದ್ದುಪಡಿಸಿತು. ಇನ್ನು 2006ರ ಅರಣ್ಯ ಹಕ್ಕು ಕಾಯಿದೆಯು ಪರಿಶಿಷ್ಟ ಪಂಗಡದವರಲ್ಲದವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲಸುವಿಕೆಗೆ ಸಾಕ್ಷ್ಯ ಕೇಳುತ್ತದೆ. 1964ರಲ್ಲಿ ನಾವೇ ಎಬ್ಬಿಸಿ ಕಳುಹಿಸಿದವನು ಅದನ್ನೆಲ್ಲಿಂದ ತಂದಾನು?

ನಮ್ಮ ಮಠದ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ವಕೀಲರಿದ್ದೀರಿ, ಉಪಾಧ್ಯಾಯರಿದ್ದೀರಿ, ಕಂದಾಯ ಇಲಾಖೆಯನ್ನು ಬಲ್ಲವರಿದ್ದೀರಿ. ಸಂತ್ರಸ್ತರ ಮುಳುಗಡೆ ಕಾಗದಗಳನ್ನು ಜೋಪಾನಪಡಿಸಿರಿ, ಹಿರಿಯರ ನೆನಪನ್ನು ಬರೆದಿಡಿರಿ, ಅರ್ಜಿಗೆ ಜೊತೆಗೂಡಿರಿ. ನಾಡಿನ ದೀಪಗಳು ಬೆಳಗಿದ್ದು ಅವರ ಒಲೆ ಆರಿದುದರಿಂದ. ಆದುದರಿಂದ ಇದು ಉಪಕಾರವಲ್ಲ, ಋಣಸಂದಾಯ. ದಾಸೋಹವು ಪಂಕ್ತಿಯ ಅನ್ನದಲ್ಲಿ ಆರಂಭವಾಗುತ್ತದೆ. ಉಂಡವನನ್ನು ಯಾರೂ ಮತ್ತೆ ಏಳಿಸಲಾರದಂತಾದಾಗಲೇ ಅದು ಪೂರ್ಣವಾಗುತ್ತದೆ.