ಕ್ರ್ಯಾಂಕು, ಪಿಸ್ಟನ್ನು ಮತ್ತು 15 ಸೆಕೆಂಡಿನ ಫೋಟೋ

ಮೊನ್ನೆ ಮ್ಯಾನೇಜರ್ ಎದುರಿಗೇ ಕ್ಯಾಡ್ ಮಾಡೆಲ್ಲಿನ ಕ್ರ್ಯಾಂಕು ತಿರುಗಿಸಿದೆ. ಪಿಸ್ಟನ್ನು ಸಿಲಿಂಡರ್ ಗೋಡೆ ತೂರಿಕೊಂಡು ಹೊರಗೆ ಬಂತು! ಒಂದು ಕನ್‌ಸ್ಟ್ರೇಂಟ್ ಹಾಕೋದು ಮರೆತಿದ್ದೆ.

ಈ ಕನ್‌ಸ್ಟ್ರೇಂಟ್ ಅನ್ನೋದು ಹಳೇ ಕಥೆ. 1963ರಲ್ಲಿ ಎಂಐಟಿಯ ಪಿಎಚ್‌ಡಿಗಾಗಿ ಐವನ್ ಸದರ್‌ಲ್ಯಾಂಡ್ ಟಿಎಕ್ಸ್-2 ಕಂಪ್ಯೂಟರಿನಲ್ಲಿ 'ಸ್ಕೆಚ್‌ಪ್ಯಾಡ್' ಮಾಡಿದರು. ಲೈಟ್ ಪೆನ್ನಿನಿಂದ ಪರದೆ ಮೇಲೆ ಗೆರೆ ಎಳೆದು, ಈ ಸರಳಿನ ಉದ್ದ ಬದಲಾಗಕೂಡದು ಅಂತ ಷರತ್ತು ಹಾಕಿದರಾಯ್ತು. ಒಂದನ್ನು ತಿರುಗಿಸಿದರೆ ಉಳಿದವು ಎಲ್ಲಿರಬೇಕೆಂದು ಕಂಪ್ಯೂಟರೇ ಲೆಕ್ಕ ಹಾಕುತ್ತಿತ್ತು.

ಚಲನೆಯನ್ನು ಕಾಗದದ ಮೇಲೆ ತೋರಿಸೋದು ಹೇಗೆ? ಪ್ರಬಂಧದಲ್ಲೊಂದು ಫೋಟೋ ಇದೆ, ಪರದೆಯನ್ನು 15 ಸೆಕೆಂಡು ಎಕ್ಸ್‌ಪೋಸ್ ಮಾಡಿ ತೆಗೆದದ್ದು. ನಡುವಿನ ಸರಳಿನ ನಾಲ್ಕು ಬಿಂದುಗಳು ಓಡಾಡಿದ ಜಾಡು ಅದರಲ್ಲಿ ಮೂಡಿದೆ. ಇಂಜಿನಿಯರಿಂಗಲ್ಲಿ ನಾನು ರಾತ್ರಿಯೆಲ್ಲ ಕೂತು ಪೆನ್ಸಿಲ್ಲಲ್ಲಿ ಚುಕ್ಕಿ ಚುಕ್ಕಿ ಇಟ್ಟು ಬಿಡಿಸಿದ್ದೂ ಇಂಥದ್ದೇ ಜಾಡು... ನನ್ನದು ವಕ್ರವಾಗಿತ್ತು, ಅಷ್ಟೇ.