ಸಮಸ್ಯೆಯೆಂಬ ಕೊನೆಯ ಸಾಲು

ಅಮೆರಿಕದ ಬರ್ಕ್‌ಲಿಗೆ ಓದಲು ಬಂದ ಇರಾನಿನ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿನವರ ಬಾಯಲ್ಲಿ ಪದೇಪದೇ ಒಂದು ಮಾತು ಕೇಳಿಸುತ್ತಿತ್ತು: ‘ಸಲ್ಯೂಷನ್ ಆಫ್ ಮೈ ಪ್ರಾಬ್ಲೆಮ್ಸ್’. ಇಂಗ್ಲಿಷಿನಲ್ಲಿ ‘ಸಲ್ಯೂಷನ್’ ಎಂದರೆ ಪರಿಹಾರವೂ ಹೌದು, ರಸಾಯನಶಾಸ್ತ್ರದ ದ್ರಾವಣವೂ ಹೌದು. ಅವನು ಅದನ್ನು ದ್ರಾವಣ ಎಂದೇ ತಿಳಿದ. ಗುಳ್ಳೆಯೇಳುತ್ತ ಹೊಗೆಯಾಡುವ ದೊಡ್ಡ ಪಾತ್ರೆ, ಅದರಲ್ಲಿ ನಮ್ಮೆಲ್ಲ ಸಮಸ್ಯೆಗಳು. ಕೆಲವು ಕರಗಿವೆ, ಕೆಲವು ಗಸಿಯಾಗಿ ತಳದಲ್ಲಿ ಕೂತಿವೆ. ಯಾವುದೋ ಕ್ರಿಯಾವರ್ಧಕ ಒಂದನ್ನು ಕರಗಿಸುವಾಗ ಇನ್ನೊಂದು ತಳಕ್ಕಿಳಿಯುತ್ತದೆ. ಬರ್ಕ್‌ಲಿಯ ಜನರ ಮನಸ್ಸಿನಲ್ಲಿ ಇಂಥ ಚಿತ್ರವೇ ಇಲ್ಲವೆಂದು ಗೊತ್ತಾದಾಗ ಅವನಿಗೆ ನಿರಾಸೆಯಾಯಿತಂತೆ.

ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ‘ಮೆಟಫರ್ಸ್ ವಿ ಲಿವ್ ಬೈ’ ಪುಸ್ತಕದಲ್ಲಿ ಈ ಪ್ರಸಂಗ ಬರುತ್ತದೆ. ರೂಪಕ ಕಾವ್ಯದ ಅಲಂಕಾರ ಮಾತ್ರವಲ್ಲ, ನಾವು ಯೋಚಿಸುವುದೂ ನಡೆದುಕೊಳ್ಳುವುದೂ ರೂಪಕಗಳ ಮೂಲಕವೇ ಎಂಬುದು ಆ ಪುಸ್ತಕದ ವಾದ. ಸಾಮಾನ್ಯವಾಗಿ ನಾವು ಕಷ್ಟಗಳನ್ನು ಒಗಟಿನಂತೆ ಕಾಣುತ್ತೇವೆ. ಸರಿಯುತ್ತರ ಒಂದಿದೆ, ಸಿಕ್ಕರೆ ಮುಗಿಯಿತು. ಹಾಗಾಗಿ ಹಳೆಯ ಕಷ್ಟ ಮತ್ತೆ ತಲೆಯೆತ್ತಿದರೆ ಸೋತೆವು ಎನಿಸುತ್ತದೆ. ದ್ರಾವಣದ ರೂಪಕದಲ್ಲಿ ಅದು ಸೋಲಲ್ಲ. ಕರಗಿದ್ದು ಮತ್ತೆ ಗಸಿಯಾಗುವುದು ಅಲ್ಲಿ ಸಹಜ. ತಾತ್ಕಾಲಿಕವಾಗಿ ಕರಗಿಸುವುದೂ ಸಾಧನೆಯೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ವಿದ್ಯಾರ್ಥಿಯ ತಪ್ಪು ತಿಳಿವಳಿಕೆ ಪೂರ್ತಿ ತಪ್ಪೂ ಅಲ್ಲ. ‘ಸಲ್ಯೂಷನ್’ ಪದದ ಲ್ಯಾಟಿನ್ ಮೂಲಕ್ಕೆ ಸಡಿಲಿಸು, ಬಿಚ್ಚು ಎಂಬ ಅರ್ಥವಿದೆ. ಎರಡೂ ಅರ್ಥಗಳು ಹುಟ್ಟಿದ್ದು ಅಲ್ಲಿಂದಲೇ. ಕನ್ನಡದ ಮನಸ್ಸೂ ಈ ದಾರಿಯಲ್ಲಿ ನಡೆದಿದೆ. ನಮ್ಮ ಕಷ್ಟಗಳಿಗೆ ನಾವಿಟ್ಟ ಹೆಸರುಗಳನ್ನೇ ನೋಡಿ: ಸಿಕ್ಕು, ತೊಡಕು, ಗೋಜಲು, ಕಗ್ಗಂಟು. ಎಲ್ಲವೂ ನೂಲಿನ, ಹಗ್ಗದ ಲೋಕದವು. ಅದಕ್ಕೇ ನಾವು ಲೆಕ್ಕವನ್ನೂ ಒಗಟನ್ನೂ ‘ಬಿಡಿಸು’ತ್ತೇವೆ. ಈ ರೂಪಕದಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ: ಗಂಟನ್ನು ಎಳೆದಷ್ಟೂ ಅದು ಬಿಗಿಯುತ್ತದೆ. ಅಣ್ಣತಮ್ಮಂದಿರ ಆಸ್ತಿ ಜಗಳವನ್ನು ಹತ್ತಿರದಿಂದ ಕಂಡವರು ಇದನ್ನು ಒಪ್ಪುತ್ತಾರೆ.

ಆದರೆ ನಾವು ದಿನಕ್ಕೆ ಹತ್ತು ಸಲ ಬಳಸುವ ‘ಸಮಸ್ಯೆ’ ಎಂಬ ಪದದ ಚರಿತ್ರೆಯಲ್ಲಿ ಇನ್ನೂ ಸ್ವಾರಸ್ಯವಿದೆ. ಇಂಗ್ಲಿಷಿನ ‘ಪ್ರಾಬ್ಲೆಮ್’ ಗ್ರೀಕಿನಿಂದ ಬಂದದ್ದು. ‘ಮುಂದೆ ಎಸೆದದ್ದು’ ಎಂದು ಅದರ ಮೂಲಾರ್ಥ. ಸಂಸ್ಕೃತದ ‘ಸಮಸ್ಯಾ’ ಪದದಲ್ಲಿರುವುದೂ ಎಸೆಯುವ ಧಾತುವೇ. ಆದರೆ ‘ಸಮ್’ ಸೇರಿ ಅದು ‘ಒಟ್ಟುಗೂಡಿಸು’ ಎಂದಾಗಿದೆ. ‘ಸಮಾಸ’ ಹುಟ್ಟಿದ್ದೂ ಅಲ್ಲಿಂದಲೇ. ಒಂದು ಪದ ಕಷ್ಟವನ್ನು ದಾರಿಗೆ ಅಡ್ಡ ಬಿದ್ದ ಕಲ್ಲಾಗಿ ನೋಡುತ್ತದೆ, ಇನ್ನೊಂದು ಕೂಡಿಸಬೇಕಾದ ತುಂಡಾಗಿ.

ಹಳೆಯ ಬಳಕೆಯಲ್ಲಿ ‘ಸಮಸ್ಯೆ’ ಎಂದರೆ ಪೂರ್ತಿ ಮಾಡಲೆಂದು ಕೊಟ್ಟ ಪದ್ಯದ ಒಂದು ಭಾಗ. ವಾತ್ಸ್ಯಾಯನನ ಕಾಮಸೂತ್ರ ಪಟ್ಟಿಮಾಡುವ 64 ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವೂ ಒಂದು. ಕನ್ನಡ ಮತ್ತು ತೆಲುಗಿನ ಅವಧಾನಗಳಲ್ಲಿ ಅದು ಇಂದಿಗೂ ಜೀವಂತ. ಪೃಚ್ಛಕರು ಕೊನೆಯ ಸಾಲನ್ನು ಕೊಡುತ್ತಾರೆ. ಅದು ಬೇಕೆಂದೇ ಅಸಂಬದ್ಧವಾಗಿರುತ್ತದೆ, ಕೆಲವೊಮ್ಮೆ ಅಸಭ್ಯವಾಗಿಯೂ. ಅವಧಾನಿ ಅದರ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಅದಕ್ಕೆ ಮುಂಚಿನ ಸಾಲುಗಳನ್ನು ಅದೇ ಛಂದಸ್ಸಿನಲ್ಲಿ ಕಟ್ಟಿ, ಅಸಂಬದ್ಧವಾದದ್ದು ಅರ್ಥವತ್ತಾಗುವಂತೆ ಮಾಡಬೇಕು. ಕೊಟ್ಟ ಸಾಲು ‘ರಾಮ ಬೇಡ’ ಎಂದು ಶುರುವಾದರೆ ಭಕ್ತರು ಬೆಚ್ಚಿಬೀಳಬಹುದು. ಹಿಂದಿನ ಸಾಲಿನ ಕೊನೆಗೆ ಒಂದು ‘ಆ’ ಕೂರಿಸಿ ನೋಡಿ: ‘ಆರಾಮ ಬೇಡ’ ಎಂಬ ಕಿವಿಮಾತಾಗುತ್ತದೆ. ಸಾಲು ಅದೇ, ಬದಲಾದದ್ದು ಅದರ ನೆರೆಹೊರೆ.

ಬದುಕಿನಲ್ಲಿ ಅಳಿಸಲಾಗದ ಸಾಲುಗಳಿವೆ. ತೀರಿಹೋದವರು, ಗುಣವಾಗದ ಕಾಯಿಲೆ, ಕೈತಪ್ಪಿದ ವರ್ಷಗಳು. ಇವುಗಳಿಗೆ ಒಗಟಿನಂತೆ ಉತ್ತರವಿಲ್ಲ, ಇವು ಗಂಟಿನಂತೆ ಬಿಚ್ಚುವುದೂ ಇಲ್ಲ. ‘ಇದನ್ನು ಹೇಗೆ ತೊಲಗಿಸಲಿ’ ಎಂಬ ಪ್ರಶ್ನೆ ಇಲ್ಲಿ ಮನುಷ್ಯನನ್ನು ದಣಿಸುತ್ತದೆ, ಅಷ್ಟೆ. ‘ಇದು ಇದ್ದೇ ಇರುತ್ತದೆ, ಇದರ ಸುತ್ತ ಏನು ಬರೆಯಲಿ’ ಎಂದು ಕೇಳಿಕೊಂಡರೆ ಕೈಗೆ ಕೆಲಸ ಸಿಗುತ್ತದೆ.

ಈ ರೂಪಕದಲ್ಲಿ ಒಂದು ಅಪಾಯವಿದೆ. ಅವಧಾನದಲ್ಲಿ ಸಾಲು ಕೊಡುವವರು ಪೃಚ್ಛಕರು. ಬದುಕಿನಲ್ಲಿ ಕೊಡುವವರು ಯಾರು? ಜಾತಿಯ ಅವಮಾನವನ್ನೋ ಗಂಡನ ಹೊಡೆತವನ್ನೋ ಉಣ್ಣುತ್ತಿರುವವರಿಗೆ ‘ಪದ್ಯ ಪೂರ್ತಿ ಮಾಡಿಕೋ’ ಎನ್ನುವುದು ಕ್ರೌರ್ಯ. ಕೆಲವು ಸಾಲುಗಳನ್ನು ಕೊಟ್ಟವರ ಮುಖಕ್ಕೇ ವಾಪಸು ಎಸೆಯಬೇಕಾಗುತ್ತದೆ.

12ನೇ ಶತಮಾನದ ಅಕ್ಕಮಹಾದೇವಿ ಈ ಎರಡನ್ನೂ ಒಟ್ಟಿಗೆ ಮಾಡಿದವಳು. ಹೆಣ್ಣಿಗೆ ಗಂಡನಿರಲೇಬೇಕು ಎಂಬುದು ಅವಳಿಗೆ ಕೊಟ್ಟ ಸಾಲು. ಅವಳು ‘ಗಂಡ’ ಎಂಬ ಪದವನ್ನು ಬಿಡಲಿಲ್ಲ. ಆ ಜಾಗದಲ್ಲಿ ಮುಪ್ಪು-ಮರಣಗಳ ಹಂಗಿಲ್ಲದ ಚೆನ್ನಮಲ್ಲಿಕಾರ್ಜುನನನ್ನು ನಿಲ್ಲಿಸಿದಳು. ಆಗ ಅದೇ ಸಾಲು ಲೋಕದ ಗಂಡರನ್ನೆಲ್ಲ ನಿರಾಕರಿಸುವ ವಾದವಾಯಿತು. ಪತಿವ್ರತೆಯಾಗು ಎಂದವರ ಮಾತನ್ನು ಅಕ್ಷರಶಃ ಪಾಲಿಸಿಯೇ ಅವರ ಹಿಡಿತದಿಂದ ಹೊರಬಂದಳು. ಹರಿಹರನ ರಗಳೆಯಲ್ಲಿ ಅವಳು ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ, ಷರತ್ತು ಮುರಿದಾಗ ಹೊರಡುತ್ತಾಳೆ. 15ನೇ ಶತಮಾನದ ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದವಳನ್ನು ಅಲ್ಲಮ ಮೊದಲು ವಿಚಾರಿಸುವುದೂ ಅವಳ ಗಂಡನ ಬಗ್ಗೆಯೇ. ರೂಪಕ ಅವಳಿಗೆ ಬರೀ ಸಮಾಧಾನವಾಗಿದ್ದರೆ ಅವಳು ಅರಮನೆಯಲ್ಲೇ ಉಳಿದು ಮನಸ್ಸಿನಲ್ಲಿ ಮಲ್ಲಿಕಾರ್ಜುನನನ್ನು ನೆನೆಯಬಹುದಿತ್ತು. ಅವಳು ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು.

ರೂಪಕದ ಪರೀಕ್ಷೆ ಇರುವುದು ಇಲ್ಲೇ. ಕಷ್ಟಕ್ಕೆ ಹೊಸ ಹೆಸರಿಟ್ಟ ಮೇಲೂ ನಾವು ಕೂತಲ್ಲೇ ಕೂತಿದ್ದರೆ ಆ ಹೆಸರು ಬರೀ ಅಲಂಕಾರ. ಮರುದಿನ ಬೆಳಗ್ಗೆ ಬೇರೇನಾದರೂ ಮಾಡಲು ಅದು ನಮ್ಮನ್ನು ಎಬ್ಬಿಸಿದರೆ, ಸಮಸ್ಯೆಗೆ ಮೊದಲ ಸಾಲು ಹೊಳೆದಿದೆ ಎಂದೇ ಅರ್ಥ.